ಮೊದಲನೇ ಆಯ್ಕೆ ಜವಳಗೇರಾ

ನಾನು ಕೌನ್ಸೆಲಿಂಗ್ ವಿಷಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದೇನೆ ಎಂಬ ಸುದ್ದಿ ಹಬ್ಬಿದ ಮೇಲೆ ಮಸ್ಕಿಯ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ನನ್ನ ಮರ್ಯಾದೆ ಇದ್ದಕ್ಕಿದ್ದಂತೆ ಏರಿತು. ಡಬ್ಬಿ ಬಿಚ್ಚಿದವರು ಮೊದಲ ಶೇಂಗಾ ಹೋಳಿಗೆಯನ್ನು ನನಗೇ ಕೊಡುತ್ತಿದ್ದರು. ಸಿಂಧನೂರಿನಿಂದ ನನ್ನ ಜೊತೆಯೇ ಬಸ್ಸಿನಲ್ಲಿ ಬರುವ ಗಣಿತದ ಸರ್, ವರ್ಷಗಟ್ಟಲೆ ನಾನು ನಿಂತಿದ್ದರೂ ನೋಡದವರಂತೆ ಕೂತು ಬಂದವರು, ಕಿಟಕಿಯಿಂದ ಕರವಸ್ತ್ರ ಎಸೆದು ನನಗೊಂದು ಸೀಟು ಹಿಡಿಯತೊಡಗಿದರು. ಓದಿಗೆ ಇಷ್ಟು ಬೆಲೆ ಇದೆಯಲ್ಲ ಎಂದು ನಾನೂ ಉಬ್ಬಿದೆ. ಒಂದು ದಿನ ಅವರು ದನಿ ತಗ್ಗಿಸಿ, ತಮ್ಮ ಹೆಂಡತಿ ದೇವದುರ್ಗದ ಕಡೆ ಟೀಚರ್ ಆಗಿದ್ದಾಳೆ, ಈ ಸಲ ಸಿಂಧನೂರಿನ ಸುತ್ತ ಯಾವ ಶಾಲೆ ಖಾಲಿ ಬೀಳುತ್ತದೆ ಎಂಬುದು ನಿಮಗೆ ಮೊದಲೇ ತಿಳಿಯುತ್ತದಲ್ಲವೇ ಎಂದು ಕೇಳಿದರು. ಹೋಳಿಗೆಯ ಗುಟ್ಟು ಆಗ ಬಯಲಾಯಿತು.

ನಮ್ಮಲ್ಲಿ ಕೌನ್ಸೆಲಿಂಗ್ ಎಂದರೆ ವರ್ಗಾವಣೆ. ಸರ್ಕಾರಿ ನೌಕರಿ ಇರುವ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇಲ್ಲ. ರಾಯಚೂರಿಗೆ ಹೋಗಬೇಕು, ಸರತಿ ಬಂದಾಗ ಪರದೆಯ ಮೇಲೆ ಖಾಲಿ ಇರುವ ಊರುಗಳನ್ನು ನೋಡಬೇಕು, ಬೇಕಾದ ಊರನ್ನು ಆರಿಸಿಕೊಳ್ಳಬೇಕು. ಗಂಡ ಒಂದು ಕಡೆ ಹೆಂಡತಿ ಒಂದು ಕಡೆ ಇದ್ದರೆ, ಮೈಯಲ್ಲಿ ದೊಡ್ಡ ಕಾಯಿಲೆ ಇದ್ದರೆ, ಅದನ್ನು ಹೇಳಿಕೊಂಡವರಿಗೆ ಮೊದಲ ಅವಕಾಶ. ಹೀಗಾಗಿ ಕೌನ್ಸೆಲಿಂಗ್ ಹತ್ತಿರ ಬಂತೆಂದರೆ ನಮ್ಮ ಶಿಕ್ಷಕರ ಬಾಯಲ್ಲಿ ಬರೀ ಅವರವರ ಕಷ್ಟಗಳೇ.

ನಾನು ಓದುತ್ತಿದ್ದ ಕೌನ್ಸೆಲಿಂಗ್ ಬೇರೆ. ಮಕ್ಕಳು ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಕೇಳುವುದು, ಅವರ ಓದಿಗೆ ಅಡ್ಡ ಬಂದದ್ದೇನೆಂದು ಅವರೇ ಕಂಡುಕೊಳ್ಳುವಂತೆ ಜೊತೆಗಿರುವುದು. ಕನ್ನಡದಲ್ಲಿ ಅದಕ್ಕೆ ಆಪ್ತಸಮಾಲೋಚನೆ ಎನ್ನುತ್ತಾರೆ. ಆದರೆ ಆ ಪದವನ್ನು ಹೇಳಿ ಮುಗಿಸುವುದರೊಳಗೆ ಮಗು ಓಡಿಹೋಗಿರುತ್ತದೆ. ನನ್ನ ಡಾಕ್ಟರೇಟ್ ಕೂಡ ಎಲ್ಲರಿಗೂ ಗೊತ್ತಿರುವ ಪಿಎಚ್.ಡಿ. ಅಲ್ಲ. ವೃತ್ತಿಯಲ್ಲಿ ಇದ್ದವರು ತಮ್ಮ ವೃತ್ತಿಯನ್ನೇ ಪರೀಕ್ಷೆಗೆ ಒಡ್ಡಿ ಬರೆಯುವಂಥದ್ದು. ಇದನ್ನು ನಮ್ಮ ಮನೆಯವರಿಗೆ ಅರ್ಥ ಮಾಡಿಸಲು ನಾನು ಸಿಂಧನೂರಿನಿಂದ ಮಸ್ಕಿಯವರೆಗೆ ಬಸ್ಸಿನಲ್ಲಿ ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ನಾನು ಮಸ್ಕಿಯಲ್ಲಿ ಇಳಿಯುತ್ತೇನೆ, ಅವರು ಲಿಂಗಸುಗೂರಿನ ತಮ್ಮ ಆಫೀಸಿಗೆ ಮುಂದೆ ಹೋಗುತ್ತಾರೆ. ಪ್ರತಿ ಸಲವೂ ಅವರು ಎಲ್ಲ ತಿಳಿದವರಂತೆ ತಲೆಯಾಡಿಸಿ, ನಾನು ಇಳಿಯುವ ಹೊತ್ತಿಗೆ, ಇದು ಮುಗಿದರೆ ನಿನಗೆ ಪ್ರಮೋಷನ್ ಸಿಗುತ್ತದೋ ಇಲ್ಲವೋ ಅಷ್ಟು ಹೇಳು ಎನ್ನುತ್ತಿದ್ದರು. ಸಿಗುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಗೊತ್ತಿಲ್ಲದ್ದು ಅದೊಂದೇ ಆಗಿರಲಿಲ್ಲ. ತರಗತಿಯಲ್ಲಿ ಗೈಡ್ ನೋಡಿ ಬರೆಯಬೇಡಿರೋ ಎಂದು ಮಕ್ಕಳನ್ನು ಗದರಿಸುವ ನಾನು, ಸಂಜೆ ಲ್ಯಾಪ್‌ಟಾಪ್ ಮುಂದೆ ಕೂತು ನನ್ನ ಗೈಡ್ ಮೇಡಂ ಏನು ಹೇಳುತ್ತಾರೆಂದು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆ. ಅವರು ದೊಡ್ಡ ಊರಿನವರು, ಒಳ್ಳೆಯವರು. ಆದರೆ ಒಂದು ದಿನ ಮಗುವಿನ ಹತ್ತಿರ ಹೋಗು ಎನ್ನುವರು, ಇನ್ನೊಂದು ದಿನ ದೂರ ನಿಂತು ನೋಡು ಎನ್ನುವರು. ನೀನು ಟೀಚರ್ ಅಲ್ಲ ಅನ್ನುವುದನ್ನು ಆ ಕೋಣೆಯಲ್ಲಿ ಮರೆಯಬೇಡ ಎನ್ನುವರು, ನೀನು ಟೀಚರ್ ಆಗಿರುವುದರಿಂದಲೇ ಈ ಅಧ್ಯಯನಕ್ಕೆ ಬೆಲೆ ಎಂದೂ ಬರೆದು ಕಳಿಸುವರು. ನನಗೆ ತಲೆ ಗಿರ್ರೆನ್ನುತ್ತಿತ್ತು. ಹಾಗೆಂದು ಕೇಳಿದರೆ, ಗೊಂದಲ ಒಳ್ಳೆಯ ಲಕ್ಷಣ ಎಂದು ನಗುತ್ತಿದ್ದರು. ಅವರಿಗೇನು, ನಗುತ್ತಾರೆ. ಸಿಟ್ಟು ನನಗೆ ಬರುತ್ತಿತ್ತು.

ನೆಂಟರ ಮನೆಯಲ್ಲಿದ್ದು ಶಾಲೆಗೆ ಬರುವ ಮಕ್ಕಳನ್ನು ನಾನು ಅಧ್ಯಯನಕ್ಕೆ ಆರಿಸಿಕೊಂಡಿದ್ದೆ. ಮಸ್ಕಿಯಲ್ಲಿ ಅಂಥವರು ಬಹಳ. ಚಿಕ್ಕಪ್ಪನ ಮನೆ, ಅಜ್ಜಿಯ ಮನೆ, ಅಕ್ಕನ ಗಂಡನ ಮನೆ. ಲೈಬ್ರರಿಯ ಹಿಂದಿನ ಸಣ್ಣ ಕೋಣೆಯನ್ನು ಹೆಡ್‌ಮಾಸ್ಟರು ಬಿಟ್ಟುಕೊಟ್ಟರು. ಮಕ್ಕಳಿಗೆ ಗೊತ್ತಿರುವ ಮಾತನ್ನೇ ಬಳಸು ಎಂದು ಗೈಡ್ ಮೇಡಂ ಹೇಳಿದ್ದರಿಂದ ನಾನೇ ಬಾಗಿಲಿಗೆ ಕೌನ್ಸೆಲಿಂಗ್ ರೂಮ್ ಎಂದು ಬರೆದು ಅಂಟಿಸಿದೆ. ಸ್ಟಾಫ್ ರೂಮಿನಲ್ಲಿ ಆ ಮಾತು ಯಾವ ಅರ್ಥದಲ್ಲಿ ಓಡಾಡುತ್ತಿದೆ ಎಂದು ಚೆನ್ನಾಗಿ ತಿಳಿದಿದ್ದ ನನಗೆ, ಮಕ್ಕಳಿಗೂ ಅಪ್ಪ ಅಮ್ಮ ಇರುತ್ತಾರೆ, ಅವರಲ್ಲಿ ಕೆಲವರು ಶಿಕ್ಷಕರೂ ಆಗಿರುತ್ತಾರೆ ಎಂಬುದು ಹೊಳೆಯಲೇ ಇಲ್ಲ.

ಆ ಹುಡುಗಿ ಬಂದದ್ದು ಹಾಗೆ. ಎಂಟನೇ ತರಗತಿ. ಈಗ ಆಕೆ ಕಾಲೇಜಿಗೆ ಹೋಗುತ್ತಾಳೆ, ಆಕೆಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಗುರುಗುಂಟಾದ ಕಡೆ ಶಿಕ್ಷಕರು, ಅಲ್ಲಿಯೇ ಇನ್ನೊಬ್ಬರ ಜೊತೆ ಒಂದು ಕೋಣೆಯಲ್ಲಿದ್ದರು. ಅವ್ವ ಜವಳಗೇರಾದಿಂದ ಒಳಗಿರುವ, ಕಾಲುವೆ ನೀರು ನಂಬಿ ವಲಸೆ ಬಂದವರ ಒಂದು ಕ್ಯಾಂಪಿನ ಶಾಲೆಯಲ್ಲಿ ಶಿಕ್ಷಕಿ, ಜವಳಗೇರಾದಲ್ಲಿ ಬಾಡಿಗೆ ಕೋಣೆ. ಒಂದು ಕಡೆಯಿಂದ ಲಿಂಗಸುಗೂರು ದಾಟಿ ಬರಬೇಕು, ಇನ್ನೊಂದು ಕಡೆಯಿಂದ ಸಿಂಧನೂರು ದಾಟಿ ಬರಬೇಕು, ನಡುವೆ ಮಸ್ಕಿ. ಮಸ್ಕಿಯಲ್ಲಿ ಅಪ್ಪನ ಅಕ್ಕ ಇದ್ದರು. ಹುಡುಗಿಯನ್ನು ಅವರ ಮನೆಯಲ್ಲಿ ಬಿಟ್ಟರು. ಭಾನುವಾರ ಅಪ್ಪ ಆ ಕಡೆಯಿಂದ, ಅವ್ವ ಈ ಕಡೆಯಿಂದ ಬಂದು ಅತ್ತೆಯ ಮನೆಯಲ್ಲಿ ಸೇರುತ್ತಿದ್ದರು.

ಮೊದಲ ದಿನ ನಾನು ನಿಯಮದಂತೆ ಎಲ್ಲ ಬಿಡಿಸಿ ಹೇಳಿದೆ. ಇಲ್ಲಿ ನಿನ್ನ ತೊಂದರೆ ಏನಿದ್ದರೂ ಹೇಳಬಹುದು, ನಾನು ಯಾರಿಗೂ ಹೇಳುವುದಿಲ್ಲ, ಒತ್ತಾಯವಿಲ್ಲ, ಆಯ್ಕೆ ನಿನ್ನದು. ಹುಡುಗಿಯ ಮುಖ ಅರಳಿತು. ಆಯ್ಕೆ ನಂದೇನ್ರೀ ಎಂದು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡಳು. ನಿನ್ನದೇ ಎಂದೆ.

ಬೇರೆ ಮಕ್ಕಳ ಬಾಯಿ ಬಿಡಿಸಲು ನಾನು ವಾರಗಟ್ಟಲೆ ತಿಣುಕಬೇಕಾಗುತ್ತಿತ್ತು. ಈಕೆ ಹಾಗಲ್ಲ, ಬಂದು ಕೂತವಳೇ ಹೇಳತೊಡಗುತ್ತಿದ್ದಳು. ಅತ್ತೆಯ ಮನೆಯಲ್ಲಿ ಹೊಟ್ಟೆ ತುಂಬ ಊಟ, ಮಲಗಲು ಫ್ಯಾನಿನ ಕೆಳಗೆ ಜಾಗ, ಹಬ್ಬಕ್ಕೆ ಹೊಸ ಬಟ್ಟೆ. ಯಾರೂ ಕೈ ಎತ್ತಿದವರಲ್ಲ. ನಾನು ವಿಶ್ವವಿದ್ಯಾಲಯ ಒಪ್ಪಿದ ಪ್ರಶ್ನೆಗಳನ್ನು ಕೇಳಿದರೆ ಎಲ್ಲದಕ್ಕೂ ಒಳ್ಳೆಯ ಉತ್ತರವೇ. ಆ ಉತ್ತರಗಳ ಪ್ರಕಾರ ಹುಡುಗಿಗೆ ಏನೂ ತೊಂದರೆಯಿಲ್ಲ. ಆದರೆ ಹೇಳುತ್ತ ಹೇಳುತ್ತ ಆಕೆಯ ದನಿ ಸಣ್ಣಗಾಗುತ್ತಿತ್ತು. ಒಂದು ದಿನ ಹೀಗೆಂದಳು:

"ಅತ್ತಿ ತನ್ನ ಮಕ್ಕಳಿಗೆ ದಿನಾ ಬೈತಾಳ್ರೀ. ಪಾತ್ರಿ ತಿಕ್ಕಲಿಲ್ಲಂತ, ತಲಿ ಬಾಚಲಿಲ್ಲಂತ. ನನಗ ಒಂದ ಮಾತೂ ಅನ್ನಂಗಿಲ್ರೀ. ನಾ ಒಳಗ ಬಂದ್ನಂದ್ರ ಎಲ್ಲಾರೂ ಸುಮ್ಮನಾಗ್ತಾರ."

ಬೈಸಿಕೊಳ್ಳದೆ ಇರುವುದು ಒಂದು ಕಷ್ಟವೇ ಎಂದು ನಾನು ಕ್ಷಣ ಕಕ್ಕಾಬಿಕ್ಕಿಯಾದೆ. ಆಮೇಲೆ ಬಸ್ಸಿನಲ್ಲಿ ಕೂತು ಯೋಚಿಸಿದಾಗ ಅರ್ಥವಾಯಿತು. ಆ ಮನೆಯಲ್ಲಿ ಮೂರು ವರ್ಷ ಇದ್ದರೂ ಆಕೆ ನೆಂಟರ ಹುಡುಗಿಯಾಗಿಯೇ ಉಳಿದಿದ್ದಳು. ಭಾನುವಾರ ಬರುವ ಅಪ್ಪ ಅವ್ವನೂ ನೆಂಟರೇ. ಮೂವರಿಗೂ ಒಂದೇ ಬಗೆಯ ಉಪಚಾರ. ಇದನ್ನೆಲ್ಲ ಬರೆದು ಕಳಿಸಿದಾಗ ಗೈಡ್ ಮೇಡಂ ಹಿಗ್ಗಿದರು. ಇಂಥ ಮುಕ್ತತೆ ಅಪರೂಪ, ನಿನ್ನ ಪ್ರಬಂಧದ ಜೀವವೇ ಈ ಮಗು, ನೀನು ವಿಶ್ವಾಸ ಗಳಿಸಿದ ಬಗೆಯನ್ನು ವಿವರವಾಗಿ ಬರೆ ಎಂದರು. ನಾನು ಬರೆದೆ. ವಿಶ್ವಾಸ ಗಳಿಸುವುದು ಹೇಗೆ ಎಂಬುದರ ಮೇಲೆ ಒಂದಿಡೀ ಅಧ್ಯಾಯವನ್ನು ಠೀವಿಯಿಂದ ಬರೆದೆ.

ನಮ್ಮ ಭೇಟಿಗಳು ಮುಗಿಯುವ ದಿನ, ನಿನಗೇನಾದರೂ ಕೇಳುವುದಿದೆಯೇ ಎಂದು ಕೇಳಿದೆ. ಹುಡುಗಿ ನೆಟ್ಟಗೆ ಕೂತಳು.

"ಮೇಡಂ, ನನ್ನ ಆರ್ಡರ್ ಯಾವಾಗ ಬರತೈತ್ರೀ?"

ಯಾವ ಆರ್ಡರ್ ಎಂದೆ.

"ಕೌನ್ಸೆಲಿಂಗ್ ಮುಗೀತಲ್ರೀ. ನೀವು ಊರ ಕೇಳಲೇ ಇಲ್ಲ. ನಂದು ಮೊದಲನೇ ಆಯ್ಕೆ ಜವಳಗೇರಾ ರೀ. ಅದು ಆಗಲಿಲ್ಲಂದ್ರ ಗುರುಗುಂಟಾ. ಮಸ್ಕಿ ಮಾತ್ರ ಹಾಕಬ್ಯಾಡ್ರಿ."

ನಗು ಬಂದುಬಿಟ್ಟಿತು. ಬಂದ ನಗು ಅರ್ಧಕ್ಕೇ ನಿಂತಿತು, ಏಕೆಂದರೆ ಆಕೆ ನಗುತ್ತಿರಲಿಲ್ಲ. ಆಕೆ ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿದ್ದು ಆ ಮಾತನ್ನೇ. ಅವ್ವ ಪ್ರತಿ ವರ್ಷ ಕೌನ್ಸೆಲಿಂಗಿಗೆ ಹೋಗಿ ತನ್ನ ಕಷ್ಟ ಹೇಳಿಕೊಂಡು ಬರುತ್ತಾಳೆ, ಊರು ಕೇಳುತ್ತಾಳೆ. ಈಗ ಮಕ್ಕಳಿಗೂ ಶುರುವಾಗಿದೆ ಎಂದು ಆಕೆ ತಿಳಿದಿದ್ದಳು. ಅದಕ್ಕೇ ಒಂದನ್ನೂ ಮುಚ್ಚಿಡದೆ ಹೇಳಿದ್ದಳು. ಕೇಸು ಗಟ್ಟಿಯಾಗಬೇಕಲ್ಲ. ನಾನು ಹೇಳಿದ್ದ ಪ್ರತಿಯೊಂದು ಮಾತೂ ಆ ಕೌನ್ಸೆಲಿಂಗಿಗೂ ಸರಿಯಾಗಿ ಹೊಂದುತ್ತಿತ್ತು. ತೊಂದರೆ ಹೇಳು ಎಂದಿದ್ದೆ, ಆಯ್ಕೆ ನಿನ್ನದು ಎಂದಿದ್ದೆ.

ನಾನು ತಡವರಿಸುತ್ತ ವಿವರಿಸಿದೆ. ಇದು ಆ ಕೌನ್ಸೆಲಿಂಗ್ ಅಲ್ಲ, ಇಲ್ಲಿ ಊರು ಕೊಡುವ ಅಧಿಕಾರ ನನಗಿಲ್ಲ, ನಿನ್ನ ಮನಸ್ಸು ಹಗುರವಾಗಲಿ ಎಂದು ಕೇಳಿದೆ ಎಂದು ಹೇಳಿದೆ. ಹೇಳುತ್ತಿದ್ದಂತೆ ನನ್ನ ಮಾತು ನನಗೇ ಪೊಳ್ಳಾಗಿ ಕೇಳಿಸಿತು.

"ಹಂಗಾರ ಇಷ್ಟೆಲ್ಲಾ ಹೇಳಿದ್ದು ಸುಮ್ಮನ ಹೋತೇನ್ರೀ?" ಎಂದಳು.

ಅಷ್ಟು ಸಣ್ಣ ಹುಡುಗಿಯ ಮುಂದೆ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಸುಮ್ಮನೆ ಹೋಗಿಲ್ಲ ಎಂದೆ. ಹೇಗೆ ಎಂದು ಪುಣ್ಯಕ್ಕೆ ಆಕೆ ಕೇಳಲಿಲ್ಲ.

ಆ ವಾರ ನಾನು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆತು ಎರಡು ಸಲ ಹಾಕಿದೆ. ಗೈಡ್ ಮೇಡಂಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು, ಮಗು ಒಪ್ಪಿದ್ದು ಬೇರೆಯದಕ್ಕೆ, ಹಾಗಾಗಿ ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಎಲ್ಲವನ್ನೂ ಮತ್ತೆ ತಿಳಿಸಿ ಕೇಳು, ಬೇಡವೆಂದರೆ ಅಧ್ಯಾಯ ತೆಗೆ ಎಂದರು. ಅದು ಸರಿ ಎನ್ನಿಸಿತು. ಆದರೆ ಹುಡುಗಿಯನ್ನು ಅವ್ವನ ಹತ್ತಿರ ಕಳಿಸುವ ಬಗ್ಗೆ ನಾನು ಏನಾದರೂ ಮಾಡಬಹುದೇ ಎಂದಾಗ, ಕೌನ್ಸೆಲರ್ ಆದವಳು ಯಾರನ್ನೂ ಎತ್ತಿ ಇನ್ನೊಂದು ಕಡೆ ಇಡುವುದಿಲ್ಲ, ಅವರಿದ್ದಲ್ಲಿಯೇ ನಿಲ್ಲಲು ಬಲ ಕೊಡುತ್ತಾಳೆ ಎಂದರು. ಅದೂ ಸರಿ ಎನ್ನಿಸಿತು. ಫೋನು ಇಟ್ಟ ಮೇಲೆ ಎರಡರಲ್ಲಿ ಯಾವುದೂ ಸರಿ ಎನ್ನಿಸಲಿಲ್ಲ.

ನಮ್ಮ ಮನೆಯವರು ಮಾತ್ರ ಎಂದಿನ ಧಾಟಿಯಲ್ಲೇ ಕೇಳಿದರು: "ಆ ಹುಡುಗಿ ಏನು ಬೇಕು ಅಂತ ಸ್ಪಷ್ಟ ಹೇಳ್ಯಾಳ. ಇದರಾಗ ಗೊಂದಲ ಯಾರಿಗೈತಿ?"

ಮರುದಿನ ಹುಡುಗಿಯನ್ನು ಕರೆದು, ನಿನ್ನ ಮಾತನ್ನು ನನ್ನ ಪ್ರಬಂಧದಲ್ಲಿ ಬರೆಯಲೇ, ಹೆಸರು ಇರುವುದಿಲ್ಲ ಎಂದೆ. ಅತ್ತಿ ಓದ್ತಾಳೇನ್ರೀ ಎಂದು ಕೇಳಿದಳು. ಓದುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ ಎಂದೆ. ಕಡಿಮೆಯಾದರೂ ಇದೆಯಲ್ಲ, ಹಾಗಾದರೆ ಬೇಡ ಎಂದಳು. ನನ್ನ ಅಧ್ಯಾಯ ಅಲ್ಲಿಗೆ ಮುಗಿಯಿತು. ನಿನ್ನ ಅವ್ವನಿಗಾದರೂ ಹೇಳಲೇ ಎಂದು ಕೇಳಿದೆ. ಬಹಳ ಯೋಚಿಸಿ, ಅವ್ವಗ ಹೇಳ್ರಿ, ಅತ್ತಿಗೆ ಮಾತ್ರ ಹೇಳಬ್ಯಾಡ್ರಿ, ಅಕಿಗೆ ಕೆಟ್ಟ ಅನಸತೈತಿ ಎಂದಳು. ಆಣೆ ಹಾಕಿಸಿಕೊಳ್ಳಲಿಲ್ಲ, ಆದರೆ ನಾನು ಒಪ್ಪುವವರೆಗೆ ಕುರ್ಚಿಯಿಂದ ಏಳಲೂ ಇಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸಿಂಧನೂರಿನಲ್ಲಿ ಮನೆಗೆ ಹೋಗದೆ ಬಸ್ಸು ಬದಲಿಸಿ ಜವಳಗೇರಾಕ್ಕೆ ಹೋದೆ. ದಾರಿಯುದ್ದಕ್ಕೂ ನಾನು ಯಾರಾಗಿ ಹೋಗುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. ಟೀಚರಾಗಿ ಎಂದರೆ ಪಾಲಕರ ಭೇಟಿಗೆ ಅವರನ್ನೇ ಕರೆಸಬೇಕಿತ್ತು. ಕೌನ್ಸೆಲರ್ ಆಗಿ ಎಂದರೆ ಹೋಗಲೇಬಾರದಿತ್ತು. ರಸ್ತೆಯ ಅಂಚಿಗೆ ಒಣಹಾಕಿದ ಭತ್ತವನ್ನು ತುಳಿಯದಂತೆ ನಡೆದು, ಕೇಳಿಕೊಂಡು ಕೇಳಿಕೊಂಡು ಆ ಕೋಣೆ ಹುಡುಕಿದೆ. ಹುಡುಗಿಯ ತಾಯಿ ಆಗಷ್ಟೇ ಕ್ಯಾಂಪಿನಿಂದ ಬಂದು ಕಾಲು ತೊಳೆಯುತ್ತಿದ್ದರು. ನಾನು ಯಾರೆಂದು ಹೇಳಿದೊಡನೆ ಸೆರಗಿನಿಂದ ಕೈ ಒರೆಸಿಕೊಂಡು, ಲಿಸ್ಟ್ ಬಂತೇನ್ರೀ ಮೇಡಂ ಎಂದರು. ಅವರ ಕಿವಿಗೂ ನನ್ನ ಓದಿನ ಸುದ್ದಿ ಮುಟ್ಟಿತ್ತು. ಅವರ ಅರ್ಥದಲ್ಲಿ.

ಚಹಾ ಕುಡಿಯುತ್ತ ನಾನು ನಿಧಾನವಾಗಿ ಹೇಳಿದೆ. ಮಗಳು ನಿಮ್ಮ ಜೊತೆ ಇರಬೇಕೆನ್ನುತ್ತಾಳೆ ಎಂದೆ. ಅವರಿಗೆ ನಂಬಿಕೆಯಾಗಲಿಲ್ಲ. ಭಾನುವಾರ ಹೋದಾಗಲೆಲ್ಲ ನಗುನಗುತ್ತ ಇರುತ್ತಾಳೆ, ಒಂದು ದಿನವೂ ಬಾಯಿ ಬಿಟ್ಟಿಲ್ಲ ಎಂದರು. ಅತ್ತೆಯ ಮನೆಯ ಪಡಸಾಲೆಯಲ್ಲಿ ಎಲ್ಲರ ಮುಂದೆ ಹೇಗೆ ಹೇಳುತ್ತಾಳೆ ಎಂದೆ. ಅವರು ಲೋಟ ಕೆಳಗಿಟ್ಟರು. ಇಲ್ಲಿಯ ಶಾಲೆಗೆ ಮಗಳನ್ನು ಕರೆತರುವುದು ಕಷ್ಟವಿರಲಿಲ್ಲವಂತೆ. ಆದರೆ ಈ ವರ್ಷ ಕೌನ್ಸೆಲಿಂಗ್‌ನಲ್ಲಿ ಗಂಡ ಹೆಂಡತಿ ಒಂದೇ ಊರಿಗೆ ಬಂದೇ ಬರುತ್ತೇವೆ, ಸುಮ್ಮನೆ ಶಾಲೆ ಏಕೆ ಬದಲಿಸುವುದು ಎಂದು ಒಂದು ವರ್ಷ ತಳ್ಳಿದರು. ಮರುವರ್ಷವೂ ಹಾಗೇ ಅಂದುಕೊಂಡರು. ಅದರ ಮರುವರ್ಷವೂ.

ಆಕೆ ಊರಿನ ಹೆಸರು ಹೇಳಿದಳೇ ಎಂದು ಕೊನೆಗೆ ಕೇಳಿದರು. ಮೊದಲನೇ ಆಯ್ಕೆ ಜವಳಗೇರಾ ಎಂದಳು ಎಂದೆ.

"ಈ ಊರು ಬಿಟ್ಟು ಹೋದ್ರ ಸಾಕು ಅಂತ ನಾ ವರ್ಷಾ ಹೋಗಿ ಕೈ ಮುಗದು ಬರ್ತೀನ್ರೀ," ಎಂದರು ಅವರು. "ಅಕಿ ಇದನ್ನ ಕೇಳ್ಯಾಳ?"

ಆಮೇಲೆ ಅವರು ಅತ್ತರು. ನಾನೂ ಅತ್ತೆ. ಕೌನ್ಸೆಲರ್ ಅಳಬಾರದು ಎಂದು ಎಲ್ಲೋ ಓದಿದ್ದು ನೆನಪಾಯಿತು, ಆದರೆ ಅಷ್ಟೊತ್ತಿಗೆ ಅತ್ತಾಗಿತ್ತು. ಅವರು ನನ್ನನ್ನು ಬಸ್ಸಿನವರೆಗೂ ಬಂದು ಕಳಿಸಿದರು. ವರ್ಷದ ಪರೀಕ್ಷೆ ಮುಗಿದ ಮೇಲೆ ಮಸ್ಕಿಗೆ ಬಂದು ಮಗಳ ಟಿ.ಸಿ. ತೆಗೆದುಕೊಂಡು ಹೋದರು. ಹುಡುಗಿ ನನಗೆ ಕೈಬೀಸಿ ತಾಯಿಯ ಹಿಂದೆ ಹೆಚ್ಚುಕಡಿಮೆ ಓಡಿಯೇ ಹೋದಳು.

ಸಂತೋಷಪಡಬೇಕು ಎಂದುಕೊಂಡೆ, ಪಟ್ಟೆ ಕೂಡ. ಆದರೆ ನಾನು ಮಾಡಿದ್ದು ಏನು ಎಂಬುದು ತಿಳಿಯಲಿಲ್ಲ. ಗೈಡ್ ಮೇಡಂ ಪ್ರಕಾರ ಅದು ಕೌನ್ಸೆಲಿಂಗ್ ಅಲ್ಲ. ಗಣಿತದ ಸರ್ ಪ್ರಕಾರ ಅದೇ ನಿಜವಾದ ಕೌನ್ಸೆಲಿಂಗ್. ಹೇಗೋ ಸುದ್ದಿ ತಿಳಿದು, ಮೇಡಂ ಒಂದು ಆರ್ಡರ್ ಮಾಡಿಸಿಯೇಬಿಟ್ಟರು ಎಂದು ಸ್ಟಾಫ್ ರೂಮಿನಲ್ಲಿ ಕೈ ತಟ್ಟಿ ನಕ್ಕರು. ನಾನು ಎರಡು ಕಡೆಯ ಮಾತಿಗೂ ತಲೆಯಾಡಿಸಿದೆ.

ಬೇಸಿಗೆ ರಜೆ ಕಳೆದು ಶಾಲೆ ಶುರುವಾದ ಮೊದಲ ವಾರ, ಹುಡುಗಿಯ ಅತ್ತೆ ಬಂದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು, ಯಾವುದೋ ಕಚೇರಿಗೆ ಬಂದವರ ಹಾಗೆ. ಕೌನ್ಸೆಲಿಂಗ್ ರೂಮಿನ ಬಾಗಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಕೇಳಿದರು. ಕೂರಿಸಿದೆ. ತಮ್ಮನ ಮಗಳಿಲ್ಲದೆ ಮನೆ ಹೇಗೋ ಆಗಿದೆ ಎಂದರು. ಅವರ ಮಕ್ಕಳು, ಅಕ್ಕ ಎಲ್ಲಿ ಎಂದು ಕೇಳುತ್ತಾರಂತೆ. ತಮ್ಮನ ಹೆಂಡತಿಯನ್ನು ಕೇಳಿದರೆ, ಅಲ್ಲಿಯೇ ಓದಿಸುತ್ತೇವೆ ಎಂದಷ್ಟೇ ಹೇಳುತ್ತಾಳಂತೆ. ತಮ್ಮ ಏನೂ ಹೇಳುವುದಿಲ್ಲವಂತೆ.

"ನಿಮ್ಮ ಮುಂದ ನನ್ನ ಮ್ಯಾಲೆ ಏನರ ಹೇಳ್ಯಾಳೇನ್ರೀ?" ಎಂದು ಕೇಳಿದರು.

"ಇಲ್ರೀ ಅಕ್ಕಾರ," ಎಂದೆ. "ನಿಮ್ಮ ಬಗ್ಗೆ ಒಂದೂ ಕೆಟ್ಟ ಮಾತು ಆಡಿಲ್ಲ ಅಕಿ."

ಅದು ಸತ್ಯವೇ ಆಗಿತ್ತು. ಆದರೆ ಅವರ ಮುಖ ತಿಳಿಯಾಗಲಿಲ್ಲ.

"ನನ್ನ ಹೊಟ್ಟ್ಯಾಗ ಹುಟ್ಟಿದವರಿಗೆ ಹೊಡದೀನಿ, ಬೈದೀನಿ. ಅಕಿ ಇನ್ನೊಬ್ಬರ ಮನಿ ಕೂಸು, ಮನಸಿಗೆ ಹತ್ತಬಾರದು ಅಂತ ಒಂದ ದಿನ ದನಿ ಎತ್ತಿಲ್ರೀ ನಾ," ಎಂದರು. "ಮತ್ತ ಯಾಕ ಹೋದಳ್ರೀ?"

ಉತ್ತರ ಅವರ ಬಾಯಿಂದಲೇ ಬಂದಿತ್ತು. ಅದೇ ಉತ್ತರ ಎಂದು ಅವರಿಗೆ ಹೇಳುವ ಹಕ್ಕು ಮಾತ್ರ ನನಗಿರಲಿಲ್ಲ, ಹುಡುಗಿಗೆ ಮಾತು ಕೊಟ್ಟಿದ್ದೆ. ಏನೂ ತಪ್ಪು ಮಾಡಿಲ್ಲ ನೀವು ಎಂದು ಹೇಳೋಣವೆಂದರೆ ಅದು ಅವರ ಪ್ರಶ್ನೆಯಾಗಿರಲಿಲ್ಲ. ಅವರ ಕೈ ಹಿಡಿದುಕೊಂಡು ಕೂತೆ. ನಾನು ಓದಿದವಳು, ಗೊತ್ತಿದ್ದೇ ಇರುತ್ತದೆ ಎಂಬಂತೆ ಅವರು ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು.